ಇನಿಷಿಯಲ್ ಜೊತೆ ಹೋದ ಅಕ್ಷರ

ಅತ್ತೆ ಮುಳ್ಳನ್‌ಕೊಲ್ಲಿಯಿಂದ ಫೋನ್ ಮಾಡಿದಾಗ ನಾನು ಪುಲ್ಪಳ್ಳಿಯಲ್ಲಿ, ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ಘಟಕದಲ್ಲೇ ಇದ್ದೆ. ಬಿಡುವಿನಲ್ಲಿ ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಮಾವ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮಲಗಿದವರು. ಮೂತ್ರದ ಟ್ಯೂಬ್ ಬದಲಿಸಲು ಅಂದು ಘಟಕದ ಸಿಸ್ಟರ್ ಬರಬೇಕಿತ್ತು.

"ಬರ್ಲೇ ಇಲ್ಲ ಮೋಳೇ. ಜೀಪು ಎದುರಿನ ಕುನ್ನು ಹತ್ತಿ ಇಳ್ದು ಹೋಯ್ತು. ಟ್ಯೂಬ್ ಕಟ್ಟಿಕೊಂಡಿದೆ, ಹೊಟ್ಟೆ ಕಲ್ಲಾಗಿದೆ."

"ಪಟ್ಟಿಯಲ್ಲಿ ಹೆಸರು ಇರ್ಲೇಬೇಕಲ್ಲ, ಅತ್ತೆ."

"ಪಟ್ಟಿ ನೀನು ನೋಡು. ಇವರನ್ನ ಯಾರು ನೋಡ್ತಾರೆ?"

ಸಿಸ್ಟರಿಗೆ ಫೋನ್ ಹಚ್ಚಿದೆ. "ಕಂಪ್ಯೂಟರ್ ಹೇಳಿದ ವೀಟಿಗೇ, ಅದೇ ಮನೆಗೇ ಹೋದೆ. ಅಲ್ಲಿ ಒಬ್ಬರು ಚೇಚಿ, ಅವರಿಗೆ ಟ್ಯೂಬೇ ಇಲ್ಲ!" ಎನ್ನುತ್ತಲೇ ಜೀಪನ್ನು ಮಾವನ ಮನೆಯತ್ತ ತಿರುಗಿಸಿದರು.

ನಾನು ಪ್ರೋಗ್ರಾಂ ತೆರೆದೆ. ಈ ಮಲಯಾಳಂ ಸೀಮೆಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ ಬರುತ್ತದೆ. ಒಬ್ಬರು ಚುಕ್ಕಿ ಇಟ್ಟು ಬರೆದರೆ ಇನ್ನೊಬ್ಬರು ಇಡದೆ ಬರೆಯುತ್ತಾರೆ. ಒಬ್ಬರೇ ರೋಗಿ ಇಬ್ಬರಾಗಿ ಕಾಣುತ್ತಾರೆ. ಅದಕ್ಕೆಂದು ಹಿಂದಿನ ಕಾರ್ಯಕರ್ತರೊಬ್ಬರು ಪಿಎಚ್‌ಪಿ ಭಾಷೆಯಲ್ಲಿ ಪದದ ಕೊನೆಯನ್ನು ಕತ್ತರಿಸುವ rtrim ಎಂಬ ಆಜ್ಞೆ ಬಳಸಿ ಇನಿಷಿಯಲ್ ತೆಗೆದಿದ್ದರು. ಆದರೆ ತೆಗೆಯಲು ಕೊಟ್ಟ ಅಕ್ಷರಗಳನ್ನು rtrim ಒಟ್ಟಾದ ಒಂದೇ ಬಾಲವೆಂದು ತಿಳಿಯುವುದಿಲ್ಲ. ಅದರಲ್ಲಿನ ಯಾವ ಅಕ್ಷರ ಕೊನೆಯಲ್ಲಿ ಸಿಕ್ಕರೂ, ಸಿಗುವಷ್ಟು ಕಾಲ ತೆಗೆಯುತ್ತಲೇ ಹೋಗುತ್ತದೆ. ಮಾವನ ಇನಿಷಿಯಲ್ಲು P.K.; ಇಂಗ್ಲಿಷಿನಲ್ಲಿ ಹೆಸರು ಮುಗಿಯುವುದೂ K ಅಕ್ಷರದಲ್ಲಿ. ಅದೂ ಹೋಯಿತು. ಉಳಿದದ್ದು ಎದುರು ಕುನ್ನಿನ ಆ ಚೇಚಿಯ, ಪಟ್ಟಿಯಲ್ಲೇ ಇದ್ದ ಇನ್ನೊಬ್ಬ ಹೆಂಗಸಿನ ಹೆಸರು. ಇಬ್ಬರೂ ಒಬ್ಬರೇ ಎಂದು ಪ್ರೋಗ್ರಾಂ ಸೇರಿಸಿಬಿಟ್ಟಿತ್ತು; ವಿಳಾಸ ಆಕೆಯದೇ ಉಳಿದಿತ್ತು.

ಪ್ರೋಗ್ರಾಂನ ಆ ಸಾಲನ್ನು ತಿದ್ದುವುದು ಸುಲಭವಿತ್ತು. ಆದರೆ ಅಸಲು ಹೆಸರುಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಕತ್ತರಿಸಿದ ಹೆಸರುಗಳನ್ನೇ ಉಳಿಸಿದ್ದರು. ಹೋದ ಅಕ್ಷರ ತಾನಾಗಿ ಮರಳುವುದಿಲ್ಲ; ಇನ್ನೂ ಯಾರು ಯಾರೊಳಗೆ ಸೇರಿ ಮಾಯವಾಗಿದ್ದಾರೋ ತಿಳಿಯದು.

ಸಂಜೆ ಸಿಸ್ಟರ್ ಫೋನ್ ಮಾಡಿದರು: ಟ್ಯೂಬ್ ಬದಲಾಗಿದೆ, ಜ್ವರ ಮಾತ್ರ ಇದೆ.

"ನಿನಗೆ ಎಲ್ಲರೂ ಗೊತ್ತಲ್ಲ, ಹೆಸರುಗಳನ್ನ ನೆನಪಿನಿಂದ ತುಂಬು," ಎಂದರು ಘಟಕದ ಹಿರಿಯರು. ಕೂತೆ. ಮಾವನ ಹೆಸರನ್ನೇ ಮೊದಲು ಬರೆದೆ, ಇನಿಷಿಯಲ್ಲನ್ನು ಹೆಸರಿಗಿಂತ ಮೊದಲು ಹಾಕಿ, ನಮ್ಮ ಮೈಸೂರು ಕಡೆಯ ನೆಂಟರು ಬರೆಯುವ ಹಾಗೆ. ಮಾವನ ಮದುವೆ ಕಾಗದದಲ್ಲಿ ಹಾಗೇ ನೋಡಿದ ನೆನಪು. ನೋಡಿದ್ದೆನೋ, ಊಹಿಸಿದ್ದೆನೋ? ಬರೆದದ್ದನ್ನು ಅಳಿಸಿದೆ.

ಬೆಳಿಗ್ಗೆ ಸಿಸ್ಟರ್ ಜೊತೆ ಜೀಪು ಹತ್ತಿದೆ. ಪ್ರತಿ ಮನೆಯಲ್ಲೂ ಕೇಳುವುದೆಂದು ನಿರ್ಧರಿಸಿ, ಮಾವನಿಂದಲೇ ಶುರು ಮಾಡಿದೆ.

"ಮಾವ, ಪೂರ್ತಿ ಹೆಸರು ಹೇಳಿ."

"ಬಿದ್ದದ್ದು ನಾನು, ಮರ್ತದ್ದು ನೀನಾ?"

ಅವರು ನಕ್ಕರು, ಕೆಮ್ಮಿದರು. ಆಮೇಲೆ ಕಣ್ಣು ಮುಚ್ಚಿ ಒಂದೊಂದೇ ಅಕ್ಷರ ಹೇಳಿದರು. ಕೊನೆಯ ಅಕ್ಷರವನ್ನು ನಾನು ಎರಡು ಸಲ ಹೇಳಿಸಿದೆ.