ಒಂದು ಫೋನ್ ಕರೆಗಾಗಿ ಕೊಲ್ಲೂರಮ್ಮನಿಗೆ ಹೊತ್ತ ಹರಕೆ

ಭಕ್ತ ಬಂಧುಗಳಿಗೆ ನಮಸ್ಕಾರ. ಇಲ್ಲಿ ಬರೆಯುವವರೆಲ್ಲ ದೊಡ್ಡ ದೊಡ್ಡ ಕಷ್ಟಗಳನ್ನು ಹೇಳಿಕೊಂಡಿದ್ದಾರೆ. ನನ್ನದು ಕಾಯಿಲೆಯಲ್ಲ, ಆಪರೇಷನ್ ಅಲ್ಲ. ಒಂದು ಫೋನ್ ಬರಲಿಲ್ಲ ಎಂಬ ಕಷ್ಟ. ನಗಬೇಡಿ. ಆ ಚಳಿಗಾಲದಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂಕಟ ಇರಲಿಲ್ಲ.

ಅದು 1998. ಮದುವೆಯಾಗಿ ಉಡುಪಿ ಕಡೆಯಿಂದ ಹಿಮ ಸುರಿಯುವ ಈ ಪರದೇಶದ ಮಿಸ್ಸಿಸ್ಸಾಗಾಕ್ಕೆ ಬಂದು ಎರಡು ವರ್ಷವಾಗಿತ್ತು. ವಾರದ ಐದು ದಿನ ಪೋರ್ಟ್ ಕ್ರೆಡಿಟ್ ಎಂಬ ಬಡಾವಣೆಯ ಒಂದು ಡೋನಟ್ ಅಂಗಡಿಯಲ್ಲಿ ಬೆಳಗಿನ ಶಿಫ್ಟು, ಕಂಡವರಿಗೆಲ್ಲ ಕಾಫಿ ಸುರಿದುಕೊಡುವ ಕೆಲಸ. ಶನಿವಾರ ಮಾತ್ರ ನಾನು ಬೇರೆಯೇ ಹೆಂಗಸು. ಒಂದು ಪ್ಲಾಜಾದಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಪುಟ್ಟ ರೇಡಿಯೊ ಸ್ಟೇಷನ್ ಇತ್ತು. ವಾರಾಂತ್ಯದಲ್ಲಿ ಒಂದೊಂದು ಭಾಷೆಗೆ ಅರ್ಧರ್ಧ ಗಂಟೆ. ಬೆಳಿಗ್ಗೆ ಒಂಬತ್ತೂವರೆಗೆ ಕನ್ನಡ, ಅಂದರೆ ನಾನು. ಸದ್ದು ಹೀರಲು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ, ಮತ್ತೆ ಮತ್ತೆ ಕುತ್ತಿಗೆಗೆ ಜಾರುವ ಹೆಡ್‌ಫೋನು, ಊರಿಂದ ತಂದ ಕ್ಯಾಸೆಟ್ಟುಗಳು. ಕೆಂಪು ದೀಪ ಹತ್ತಿತೆಂದರೆ ಪ್ರಸಾರ ಶುರು. ಊರಿನಲ್ಲಿ ರೇಡಿಯೊದ ಧ್ವನಿ ಪರೀಕ್ಷೆಗೆ ಎರಡು ಸಲ ಹೋಗಿ ಎರಡು ಸಲವೂ ಫೇಲಾದವಳು ನಾನು. ನನಗೆ ಮೈಕು ಸಿಕ್ಕಿದ್ದು ಇಲ್ಲಿ.

ಪ್ರತಿವಾರ "ಕಾರ್ಯಕ್ರಮ ಹೇಗಿತ್ತು, ಫೋನ್ ಮಾಡಿ ತಿಳಿಸಿ" ಎಂದು ಕೇಳಿಕೊಳ್ಳುತ್ತಿದ್ದೆ. ಒಬ್ಬರೂ ಮಾಡಲಿಲ್ಲ. ನಮ್ಮ ಜನ ಹಾಗೆಯೇ. ಸಾರು ಚೆನ್ನಾಗಿದ್ದರೆ ಸುಮ್ಮನೆ ಉಣ್ಣುತ್ತಾರೆ, ಉಪ್ಪು ಹೆಚ್ಚಾದರೆ ಮಾತ್ರ ಬಾಯಿ ಬಿಡುತ್ತಾರೆ.

ನವೆಂಬರಿನಲ್ಲಿ ಮ್ಯಾನೇಜರ್ ಬಲ್ಬೀರ್‌ಜೀ ನನ್ನನ್ನು ಕೂರಿಸಿ ಹಿಂದಿಯಲ್ಲಿ ಮೆತ್ತಗೆ ಹೇಳಿದರು: "ಬೆಹನ್‌ಜೀ, ಪಂಜಾಬಿ ಪ್ರೋಗ್ರಾಮಿಗೆ ಫೋನ್ ಲೈನೇ ಸಿಗಲ್ಲ. ನಿಮ್ಮ ಅರ್ಧ ಗಂಟೇಲಿ ನಾನು ಒಂದು ನಿದ್ದೆ ತೆಗೀಬಹುದು. ಯಾರೂ ಕೇಳ್ತಿಲ್ಲ. ಹೊಸ ವರ್ಷದಿಂದ ಈ ಟೈಮು ಬೇರೆಯವರಿಗೆ."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಾ ಮನೆಗೆ ಬಂದೆ. ಗಂಡ ನನ್ನ ಮುಖ ನೋಡಿ, "ಅದಕ್ಕೆಂತ ಅಳುವುದು? ನಾನೇ ಸ್ವರ ಬದಲು ಮಾಡಿ ನಾಲ್ಕು ಫೋನ್ ಮಾಡ್ತೇನೆ ಮಾರಾಯ್ತಿ" ಎಂದರು. ಸಿಟ್ಟೇ ಬಂತು. ಸುಳ್ಳು ಫೋನಿನಿಂದ ಉಳಿಯುವ ಮೈಕು ಯಾರಿಗೆ ಬೇಕು?

ನನಗೆ ಅಕ್ಷರಾಭ್ಯಾಸ ಆದದ್ದು ಕೊಲ್ಲೂರಿನಲ್ಲಿ, ಮೂಕಾಂಬಿಕೆಯ ಸನ್ನಿಧಿಯಲ್ಲಿ. ಮಾತು ಕೊಟ್ಟವಳು ಅವಳೇ. ಆ ಸಂಜೆ ದೇವರ ಫೋಟೋದ ಮುಂದೆ ಕೂತು ಜಗಳಕ್ಕೇ ನಿಂತೆ: "ಅಮ್ಮಾ, ಮಾತು ಕೊಟ್ಟೆ, ಕೇಳುವ ಕಿವಿ ಕೊಡಲಿಲ್ಲ. ಒಂದೇ ಒಂದು ಫೋನ್ ಬರಿಸು. ಅಲ್ಲಿಯ ತನಕ ನಾನು ಕಾಫಿ ಮುಟ್ಟುವುದಿಲ್ಲ." ದಿನವಿಡೀ ಕಾಫಿ ಸುರಿಯುವವಳು ಇಂಥ ಹರಕೆ ಹೊರಬಾರದಿತ್ತು. ಹೊತ್ತುಬಿಟ್ಟಿದ್ದೆ.

ಐದಾರು ಶನಿವಾರಗಳು ಹೋದವು. ಫೋನ್ ಬರಲಿಲ್ಲ. ಬೆಳಗಿನ ಶಿಫ್ಟಿನಲ್ಲಿ ಆ ಪರಿಮಳಕ್ಕೆ ತಲೆ ಸಿಡಿಯುತ್ತಿತ್ತು. ಅಮ್ಮ ನನ್ನನ್ನು ಮರೆತಳು ಎಂದೇ ಅಂದುಕೊಂಡೆ. ವರ್ಷದ ಕೊನೆಯ ಶನಿವಾರ ಇದೇ ಕೊನೆಯದು ಎಂದುಕೊಂಡೇ ಕಾರ್ಯಕ್ರಮ ನಡೆಸಿದೆ. ಕೊನೆಯಲ್ಲಿ ಊರಿಂದ ತರಿಸಿದ ಪಂಚಾಂಗ ತೆರೆದು, ಬರುವ ಮಂಗಳವಾರ ವೈಕುಂಠ ಏಕಾದಶಿ ಎಂದು ಓದಿದೆ.

ಮಂಗಳವಾರ ಉಪವಾಸದಲ್ಲೇ ಶಿಫ್ಟು ಮುಗಿಸಿ ಬಂದೆ. ಬಲ್ಬೀರ್‌ಜೀ ಫೋನ್: "ತಕ್ಷಣ ಬನ್ನಿ. ಏನು ಹೇಳಿದಿರಿ ನೀವು ರೇಡಿಯೊದಲ್ಲಿ?" ಹಿಮದಲ್ಲಿ ಎರಡು ಬಸ್ ಬದಲಿಸಿ ಹೋದರೆ, ಅವರು ಆಗಷ್ಟೇ ಬಂದ ಕರೆಯ ರಿಸೀವರ್ ನನ್ನ ಕೈಗಿಟ್ಟರು. ಆ ಕಡೆ ಒಬ್ಬ ಹಿರಿಯ ಹೆಂಗಸು, ಅಚ್ಚ ಮೈಸೂರಿನ ಮಾತು.

"ಏನಮ್ಮಾ, ಯಾವ ಪಂಚಾಂಗ ನೋಡಿ ಹೇಳ್ದೆ? ಇಲ್ಲಿ ಏಕಾದಶಿ ಸೋಮವಾರಾನೇ ಆಗೋಯ್ತು! ನಿನ್ನೆ ಗಡದ್ದಾಗಿ ಬಿಸಿಬೇಳೆ ಭಾತ್ ತಿಂದು, ಇವತ್ತು ಸ್ನೋನಲ್ಲಿ ರೇಷ್ಮೆ ಸೀರೆ ಉಟ್ಕೊಂಡು ಅಷ್ಟು ದೂರದ ಅರೋರಾ ಊರಿಂದ ಟೆಂಪಲ್‌ಗೆ ಹೋದ್ರೆ, ಅಲ್ಲಿ ದ್ವಾದಶಿ ಪಾರಣೆ ಊಟ ಬಡಿಸ್ತಿದಾರೆ!"

"ತಪ್ಪಾಯ್ತು ಅಮ್ಮಾ. ಊರಿನ ಪಂಚಾಂಗ ನೋಡಿ ಓದಿದ್ದು."

"ಊರಲ್ಲಿ ಹುಟ್ಟೋ ಹೊತ್ತಿಗೇ ಇಲ್ಲೂ ಸೂರ್ಯ ಹುಟ್ತಾನೇನಮ್ಮಾ?"

ಮತ್ತೊಮ್ಮೆ ತಪ್ಪೊಪ್ಪಿಕೊಂಡೆ. ಆಮೇಲೆ ಅವರು ದನಿ ಇಳಿಸಿ, "ಮುಂದಿನ ವಾರ ಸರಿಯಾಗಿ ಹೇಳು. ನೀನು ಮಾತಾಡೋವಾಗ ನಮ್ಮನೇಲಿ ಮಿಕ್ಸಿ ಕೂಡ ಹಾಕಲ್ಲ ಕಣಮ್ಮಾ. ಸೊಸೆಗೂ ಹಾಕಬೇಡ ಅಂತೀನಿ" ಎಂದರು.

ಬಲ್ಬೀರ್‌ಜೀ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. ಬೆಳಿಗ್ಗೆಯಿಂದ ಫೋನ್ ಮಾಡಿದವರ ಹೆಸರು, ಹಾಳೆಯ ಎರಡೂ ಬದಿ. ಬ್ರ್ಯಾಂಪ್ಟನ್, ನ್ಯೂಮಾರ್ಕೆಟ್, ಸ್ಕಾರ್ಬರೋ, ಸುತ್ತಲಿನ ಊರುಗಳಿಂದೆಲ್ಲ. ಎಲ್ಲರದೂ ಬೈಗುಳವೇ. "ಇಷ್ಟು ಜನ ಬೈತಿದ್ದಾರೆ ಅಂದ್ರೆ ಇಷ್ಟು ಜನ ಕೇಳ್ತಿದ್ದಾರೆ ಬೆಹನ್‌ಜೀ," ಎಂದರು ಅವರು. "ಶನಿವಾರ ಬನ್ನಿ. ಮೊದಲು ಕ್ಷಮೆ ಕೇಳಿ."

ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಗಳಗಳನೆ ಅತ್ತೆ. ಮನೆಗೆ ಬಂದು ಹೇಳಿದಾಗ ಗಂಡ ಎದ್ದು ಕಾಫಿಗೆ ನೀರಿಟ್ಟರು. "ಉಪ್ಪು ಹೆಚ್ಚು ಹಾಕಿಸಿದ್ದು ಅಮ್ಮನೇ ಮಾರಾಯ್ತಿ. ಇಲ್ಲದಿದ್ರೆ ನಮ್ಮವರು ಬಾಯಿ ಬಿಡ್ಲಿಕ್ಕುಂಟಾ?" ನಾನು ಕೇಳಿದ್ದು ಒಂದು ಫೋನ್. ಆ ತಾಯಿ ಕೊಟ್ಟದ್ದು ಎರಡು ಪುಟ.

ಅರೋರಾದಿಂದ ಫೋನ್ ಮಾಡಿದ ಆ ಹಿರಿಯ ಹೆಂಗಸಿನ ಹೆಸರು ಲಲಿತಮ್ಮ. ಅಂದಿನಿಂದ ಪ್ರತಿ ಶುಕ್ರವಾರ ಇಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿ ನನಗೆ ತಿಥಿ ಹೇಳುತ್ತಿದ್ದರು. ಅರ್ಧ ಗಂಟೆ ಮುಂದೆ ಒಂದು ಗಂಟೆಯಾಯಿತು. ನಾನು ಡೋನಟ್ ಅಂಗಡಿ ಬಿಟ್ಟು ಸ್ಟೇಷನ್ನಿನ ಕೆಲಸಕ್ಕೇ ಸೇರಿದೆ. 2006ರಲ್ಲಿ ಲಲಿತಮ್ಮ ತೀರಿಕೊಂಡರು. ಮರುವರ್ಷ ಸ್ಟೇಷನ್ನೂ ಮುಚ್ಚಿತು.

ಈಗ ಆ ಹೊತ್ತಿಗೆ ಯಾವ ಕಾರ್ಯಕ್ರಮವೂ ಇಲ್ಲ. ಆದರೂ ಶನಿವಾರ ಒಂಬತ್ತೂವರೆಗೆ ಅಮ್ಮನ ಮುಂದೆ ದೀಪ ಹಚ್ಚಿ, ಕಾಫಿ ಲೋಟ ಹಿಡಿದು ಕೂರುತ್ತೇನೆ. ಮಗಳು ದೋಸೆಗೆ ಚಟ್ನಿ ರುಬ್ಬಲು ಹೊರಟರೆ ಕೈ ಎತ್ತಿ ತಡೆಯುತ್ತೇನೆ. "But why, ಅಮ್ಮಾ?" ಎನ್ನುತ್ತಾಳೆ. ಹತ್ತೂವರೆಯವರೆಗೆ ನಮ್ಮ ಮನೆಯಲ್ಲಿ ಮಿಕ್ಸಿ ತಿರುಗುವುದಿಲ್ಲ.