ವಲ್ಲಿಯ ಕೆಳಗಿನ ವಿಮಾನದ ಧಾರಣೆ

ದರದ ಮಾತು ಬಂದ ಕೂಡಲೇ ಕಾಶಪ್ಪ ಮಾಮಾನ ಬಲಗೈ ಹೆಗಲ ಮೇಲಿನ ವಲ್ಲಿಯ ಕೆಳಗೆ ಮರೆಯಾಗುತ್ತಿತ್ತು. ನನ್ನ ತಾಯಿಯ ತಮ್ಮನಾದ ಅವರು ಭಾಲ್ಕಿಯಲ್ಲಿ ರೈತರ ತೊಗರಿ, ಕಡಲೆಯನ್ನು ದಲಾಲಿಗೆ ಮಾರಿಕೊಡುವ ಅಡತಿ ದುಕಾನು ನಡೆಸುತ್ತಿದ್ದರು. ವ್ಯಾಪಾರಿಗಳಿಬ್ಬರು ಬಟ್ಟೆಯ ಮರೆಯಲ್ಲಿ ಪರಸ್ಪರ ಬೆರಳು ಹಿಡಿದು ಧಾರಣೆ ಗೊತ್ತುಮಾಡುವ ಹಳೆಯ ಪದ್ಧತಿಯನ್ನು ಮಾರುಕಟ್ಟೆ ಎಂದೋ ಬಿಟ್ಟಿತ್ತು. ಮಾಮಾನ ಕೈ ಮಾತ್ರ ಬಿಟ್ಟಿರಲಿಲ್ಲ. ತರಕಾರಿ ಮಾರುವವಳ ಎದುರಿಗಾಗಲಿ, ಆಟೊದವನ ಎದುರಿಗಾಗಲಿ, ಟಿ.ವಿ.ಯಲ್ಲಿ ಬಂಗಾರದ ದರ ಓದುವ ಹುಡುಗಿಯ ಎದುರಿಗಾಗಲಿ, ವಲ್ಲಿಯೊಳಗೆ ಅವರ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು. ಸೌದಾ ಮುಗಿಯಿತೆಂದರೆ ಎದುರಿನವರ ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತುತ್ತಿದ್ದರು. ಅದಾದ ಮೇಲೆ ಮಾತಿಲ್ಲ.

ಬಟ್ಟೆಯ ಮರೆಯಲ್ಲಿ ನಿಲ್ಲುವ ದರ ಬೆಳೆ ಬೆಳೆದವನಿಗೆ ಮಾಡುವ ಅನ್ಯಾಯ. ಇದನ್ನು ಬೀದರಿನ ರೈತರ ಸಭೆಗಳಲ್ಲಿ ಹೇಳಿದ್ದೇನೆ, ಮಾಮಾನಿಗೂ ಹೇಳಿದ್ದೆ. ಅವರು ಸಿಟ್ಟಾಗಲಿಲ್ಲ.

“ಖರೆ ಅದ ಸರೂ. ಅದಕ್ಕ ದುಕಾನದಾಗ ಎಲ್ಲಾರ ಮುಂದ ಬಾಯಿಲೆ ಹೇಳ್ತೇನಿ. ಇದು ಬರೇ ಕೈಯ ಚಟ. ತಂಬಾಕಿಗಿಂತ ಚಲೋ ಅಲ್ಲೇನು?”

ಅವರ ಮನೆಯಲ್ಲಿ ಇನ್ನೊಂದು ನಿಯಮವಿತ್ತು. ಮನೆಮಂದಿಯೆಲ್ಲ ಕೂಡದೆ ಯಾರೂ ತುತ್ತು ಎತ್ತುವಂತಿರಲಿಲ್ಲ. “ನಮ್ಮದು ಒಂದ ಪಂಕ್ತಿ” ಎಂಬುದು ಅವರ ಹೆಮ್ಮೆಯ ಮಾತು. ಆ ಹೆಮ್ಮೆಯಲ್ಲಿ ಒಂದು ತೂತಿತ್ತು ಎಂಬುದನ್ನೂ ಹೇಳಬೇಕು: ಬಡಿಸುವ ಸೊಸೆ ಆ ಪಂಕ್ತಿಯಲ್ಲಿ ಇರುತ್ತಿರಲಿಲ್ಲ. ಒಂದು ಭಾನುವಾರ ಊಟಕ್ಕೆಂದು ಹೋದ ನಾನು ತಾಟಿನ ಎದುರು ಕೈಕಟ್ಟಿ ಕುಳಿತೆ.

“ಯಾಕ ಬಾಯಿ, ಪಲ್ಯಾ ಸೇರಲಿಲ್ಲೇನು?”

“ಪಂಕ್ತಿ ಪೂರಾ ಆಗಿಲ್ಲರಿ ಮಾಮಾ. ವೈನಿ ನಿಂತಾರ.”

ಮಾಮಾ ಸೊಸೆಯ ಕಡೆ ನೋಡಿದರು, ರೊಟ್ಟಿಯ ಬುಟ್ಟಿಯ ಕಡೆ ನೋಡಿದರು. ಎದ್ದು ಹೋಗಿ ಬುಟ್ಟಿ, ಪಲ್ಯದ ಬೋಗುಣಿ, ಶೇಂಗಾ ಹಿಂಡಿಯ ಡಬ್ಬಿ ಎಲ್ಲವನ್ನೂ ತಾವೇ ತಂದು ನಡುವೆ ಇಟ್ಟರು. “ಯಾರಿಗಿ ಬೇಕೋ ಅವರು ತಗೋರಿ. ಕೂಡವ್ವಾ ನೀನೂ. ಇಲ್ಲಾಂದ್ರ ಈಕಿ ನಾಳಿ ನಮ್ಮ ದುಕಾನದ ಮುಂದ ಪೆಂಡಾಲ್ ಹಾಕಿ ಧರಣಿ ಕೂಡ್ತಾಳ.” ಅಂದಿನಿಂದ ಆ ಮನೆಯಲ್ಲಿ ಬಡಿಸುವವರೆಂಬ ಜಾತಿಯೇ ಇಲ್ಲವಾಯಿತು.

ಇಂಥ ಮಾಮಾ ವಿಮಾನದ ಟಿಕೆಟ್ಟಿಗೆ ಕೈಹಾಕಿದ ಕಥೆಯೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಅವರ ಮಗಳು ಸುನೀತಾ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೆ ಅಲ್ಲಿಯೇ ಹೆಣ್ಣುಮಗು ಹುಟ್ಟಿತ್ತು. ಸುನೀತಾ ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಅವಳನ್ನು ಎತ್ತಿ ಬೆಳೆಸಿದವರು ಮಾಮಾನ ಅಕ್ಕ, ನನ್ನ ದೊಡ್ಡವ್ವ ನೀಲವ್ವ. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡು ತವರಿಗೆ ಬಂದವರು, ತಮ್ಮನ ಮನೆಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಸುನೀತಾಳ ಹಟ ಒಂದೇ: “ನನ್ನ ಮಗಳನ್ನ ತೊಟ್ಟಿಲಿಗಿ ಹಾಕೋದು ನೀಲತ್ತಿ ಕೈಲೇನ. ಆಕಿ ಬರೋತನ ಹೆಸರಿಡಂಗಿಲ್ಲ.” ಮಾಮಾನ ಮಗನ ಮಗಳ ಶಾಲೆಯ ಸೂಟಿ ನೋಡಿ, ಅಳಿಯನ ರಜೆ ನೋಡಿ, ಮೇ ತಿಂಗಳ ಒಂದು ಶುಕ್ರವಾರ ಗೊತ್ತಾಯಿತು. ಹೊರಡಬೇಕಾದವರು ಮಾಮಾ, ನೀಲವ್ವ, ಮಗ, ಸೊಸೆ, ಮೊಮ್ಮಗಳು.

ಟಿಕೆಟ್ ಹುಡುಕುವ ಕೆಲಸ ನನ್ನ ಮೊಬೈಲಿಗೆ ಬಿತ್ತು. ಹುಡುಕಿದಷ್ಟೂ ಅನ್ಯಾಯಗಳೇ ಸಿಕ್ಕವು. ಶಾಲೆಗಳಿಗೆ ಬೀಗ ಬಿದ್ದ ಕೂಡಲೇ ದರಕ್ಕೆ ರೆಕ್ಕೆ ಬರುತ್ತದೆ. ಮಕ್ಕಳನ್ನು ಓದಿಸುತ್ತಿರುವ ತಪ್ಪಿಗೆ ತಂದೆತಾಯಿಗಳು ದಂಡ ತೆರಬೇಕು. ಮೊದಲ ಪುಟದಲ್ಲಿ ತೋರಿಸಿದ ದರ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ದಪ್ಪವಾಗಿರುತ್ತದೆ. ತಾಯಿ ಮತ್ತು ಮಗು ಅಕ್ಕಪಕ್ಕದಲ್ಲಿ ಕೂಡುತ್ತೇವೆಂದರೆ ಅದಕ್ಕೂ ಬೇರೆ ಶುಲ್ಕ. ವಲ್ಲಿಯ ಮರೆಯಲ್ಲಾದರೂ ಹಿಡಿಯಲು ಎದುರಿಗೆ ಒಂದು ಕೈ ಇರುತ್ತಿತ್ತು. ಇಲ್ಲಿ ಬಟ್ಟೆಯಷ್ಟೇ ಇದೆ, ಕೈ ಇಲ್ಲ.

ಮಾಮಾ ಬೀದರಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ಪರದೆಯನ್ನು ನೋಡಿದರು. ಕೈ ವಲ್ಲಿಯ ಕೆಳಗೆ ಹೋಯಿತು.

“ತಡಿ. ಜಲ್ದಿ ಮಾಡಬ್ಯಾಡ. ಸುಗ್ಗಿ ಬಂದ್ರ ತೊಗರಿ ಧಾರಣಿ ಏರ್ತದೋ ಇಳೀತದೋ?”

“ಇಳೀತದರಿ.”

“ಯಾಕ ಇಳೀತದ? ಮಾಲು ಬಾಳ ಬರ್ತದ. ಹಂಗ ಸೂಟಿ ಒಳಗ ವಿಮಾನ ಬಾಳ ಬರ್ತಾವ. ಇದು ಅವುಗಳ ಸುಗ್ಗಿ. ಇಳೀತದ.”

“ಮಾಮಾ, ಸೂಟಿ ಒಳಗ ಬಾಳ ಬರೋದು ವಿಮಾನ ಅಲ್ಲರಿ, ಗಿರಾಕಿ.”

“ನಿನಗ ಭಾಷಣ ಗೊತ್ತದ, ಬಜಾರ ಗೊತ್ತಿಲ್ಲ” ಎಂದು ಭಾಲ್ಕಿಯ ಬಸ್ಸು ಹತ್ತಿದರು. ಬಹಳ ವಿಶ್ವಾಸದಿಂದ ಕಾಯ್ದರು. ಪ್ರತಿ ಮುಂಜಾನೆ ತೊಗರಿಯ ಧಾರಣೆ ಕೇಳಿದ ಬಾಯಿಂದಲೇ ಫೋನಿನಲ್ಲಿ ಮಸ್ಕತ್ತಿನ ಧಾರಣೆ ಕೇಳುತ್ತಿದ್ದರು. ಪ್ರತಿ ಮುಂಜಾನೆ ಅದು ಏರಿರುತ್ತಿತ್ತು. “ಇದು ಏರಿಕಿ ಅಲ್ಲ, ಇಳಿಯೋಕಿಂತ ಮೊದಲ ಉಸಿರು ತಗೋಳಾಕತ್ಯಾದ” ಎಂದು ಸಮಾಧಾನ ಹೇಳುತ್ತಿದ್ದರು. ಯಾರಿಗೆ ಎಂಬುದು ಸ್ಪಷ್ಟವಿರಲಿಲ್ಲ.

ಕಡೆಗೆ ಅವರೇ ನನ್ನೆದುರು ವಿಮಾನದವರಿಗೆ ಫೋನು ಹಚ್ಚಿದರು. ಆ ಸಹಾಯವಾಣಿಯಲ್ಲಿ ಒತ್ತಬೇಕಾದ ಗುಂಡಿಗಳು ಹಲವಿದ್ದವು, ಕನ್ನಡದ ಗುಂಡಿ ಇರಲಿಲ್ಲ. ನಾನು ಅದಕ್ಕೆ ಪ್ರತಿಭಟಿಸುತ್ತಿರುವಾಗಲೇ ಮಾಮಾ ತಮ್ಮ ಬಜಾರಿನ ದಖ್ಖನಿಯಲ್ಲಿ ಶುರುಮಾಡಿದ್ದರು: “ಬೇಟಾ, ಪಾಂಚ್ ಜನಾ ಹೈ. ಚಿಲ್ಲರ ನಕ್ಕೋ, ಥೋಕ್ ಭಾವ್ ಬೋಲೋ.” ಚಿಲ್ಲರೆ ಬೇಡ, ಸಗಟು ದರ ಹೇಳು ಎಂದರೆ ಫೋನಿನ ಆಚೆಯ ಹುಡುಗಿ ಏನು ಮಾಡಬೇಕು? ಹತ್ತು ಮಂದಿ ಇದ್ದರೆ ಮಾತ್ರ ಗುಂಪಿನ ದರ ಕೇಳಬಹುದು ಎಂದು ಬಹಳ ವಿನಯದಿಂದ ಹೇಳಿದಳು.

ಮರುದಿನ ಮಾಮಾ ಮಾರುಕಟ್ಟೆಯಲ್ಲಿ ಮಸ್ಕತ್ತಿಗೆ ಮಂದಿ ಕೂಡಿಸಲು ನಿಂತರು, ಜಾತ್ರೆಗೆ ಟೆಂಪೊ ತುಂಬುವ ಹಾಗೆ. “ಇನ್ನ ಐದ ಮಂದಿ ಬೇಕು. ಯಾರ ಬರ್ತೀರಿ?” ಚೀಲ ಹೊರುತ್ತಿದ್ದ ಹಮಾಲರೊಬ್ಬರು ಬೆನ್ನು ನೆಟ್ಟಗೆ ಮಾಡಿ ಕೇಳಿದರಂತೆ: “ಸಂಜಿಗಿ ಹೊಳ್ಳಿ ಬರ್ತದೇನ್ರಿ ಸಾವಕಾರ?”

ಗುಂಪು ಕೂಡಲಿಲ್ಲ. ಈ ನಡುವೆ ನಾನು ಒಂದು ಸಂಗತಿಯನ್ನು ಕಂಡುಕೊಂಡಿದ್ದೆ. ಐದು ಸೀಟು ಒಟ್ಟಿಗೆ ಕೇಳಿದರೆ ತಲೆಗೆ ಒಂದು ದರ. ಒಂದೇ ಸೀಟು ಕೇಳಿದರೆ ಅದಕ್ಕಿಂತ ಬಹಳ ಕಡಿಮೆ. ಅಗ್ಗದ ಸೀಟು ಒಂದೋ ಎರಡೋ ಉಳಿದಿದ್ದಾಗ ಐವರು ಒಟ್ಟಿಗೆ ಬಂದರೆ ಯಂತ್ರ ಐವರನ್ನೂ ತುಟ್ಟಿಯ ಸೀಟಿಗೆ ಏರಿಸುತ್ತಿತ್ತು. ಕುಟುಂಬವಾಗಿ ಬದುಕುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಬಿಡಿಬಿಡಿಯಾಗಿ ಬೇರೆ ಬೇರೆ ದಿನ ಹೋದರೆ ಹೇಗೆ ಎಂದು ಮಾಮಾನನ್ನು ಕೇಳಿದೆ.

“ಪಂಕ್ತಿ ಮುರಿ ಅಂತೀಯೇನು? ನೀನ? ಅವತ್ತ ನನ್ನ ಊಟಾ ಬಿಡಿಸಿದಾಕಿ?” ಎಂದರು. ಮಾತು ಮುಗಿಯಿತು.

ಆಗ ಔರಾದಿನಿಂದ ಕಸ್ತೂರಬಾಯಿ ಬಂದರು. ಸುನೀತಾಳ ಅತ್ತೆ, ಮಾಮಾನಿಗೆ ಬೀಗತಿ. ಅಂದು ನಾನೂ ಭಾಲ್ಕಿಯಲ್ಲಿದ್ದೆ. ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಅವರು ಮಾತು ತೆಗೆದರು.

“ಅಣ್ಣಾರ, ಈ ದರ ನೋಡಿ ನಾನೇ ಹೋಗೋದು ಬಿಟ್ಟೇನಿ. ನೀವು ಎಲ್ಲಾರನೂ ಯಾಕ ಕರಕೊಂಡು ಹೋಗ್ತೀರಿ? ನೀಲವ್ವನೋರಿಗಿ ವಯಸ್ಸಾಗ್ಯಾದ. ಅವರು ಇಲ್ಲೇ ಇರಲಿ. ಮ್ಯಾಲ, ತೊಟ್ಟಿಲ ಕಾರ್ಯ... ನಾ ಏನು ಬಿಡಿಸಿ ಹೇಳಲಿ, ನಿಮಗ ತಿಳೀತದ.”

ತಿಳಿಯಿತು. ಗಂಡನಿಲ್ಲದ ಹೆಣ್ಣಿನ ಕೈ ತೊಟ್ಟಿಲಿಗೆ ಬೇಡ ಎಂಬುದು ಆ ಮಾತಿನ ತಿರುಳು. ಟಿಕೆಟ್ಟಿನ ದರ ಅದರ ಮೇಲೆ ಹೊದಿಸಿದ ವಲ್ಲಿ. ಬಸವಣ್ಣನವರ ಹೆಸರಿನಲ್ಲಿ ಕೈಮುಗಿಯುವ ಮನೆಗಳಲ್ಲಿಯೂ ಈ ಕ್ರೌರ್ಯ ಇಷ್ಟು ಮೃದುವಾದ ದನಿಯಲ್ಲಿ ಉಳಿದುಕೊಂಡಿದೆ. ನಾನು ಇದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಬೇಳೆ ಹಸನು ಮಾಡುತ್ತಿದ್ದ ನೀಲವ್ವ ಮೊರ ಹಿಡಿದೇ ಬಾಗಿಲಿಗೆ ಬಂದರು.

“ಆಕಿ ಖರೆ ಹೇಳ್ತಾಳ ಕಾಶೀ. ನನ್ನ ಬಿಡು. ಇಷ್ಟ ರೊಕ್ಕಾ ಕೊಟ್ಟು ನಾ ಏನ ನೋಡಬೇಕಾಗ್ಯಾದ? ಫೋನಿನಾಗ ನೋಡ್ತೇನಿ.”

ಮಾಮಾನ ಕೈ ಮರೆಯಾಯಿತು. ವಲ್ಲಿಯೊಳಗೆ ಬೆರಳುಗಳು ಆಡಿದವು, ನಿಂತವು, ಮತ್ತೆ ಆಡಿದವು. ಆಮೇಲೆ ನನ್ನ ಕಡೆ ತಿರುಗಿದರು.

“ಸರೂ, ಒಬ್ಬರಿಗಿ ಆದ್ರ ಇನ್ನಾ ಸಸ್ತಾ ಅದ ಏನು?”

“ಮಂಗಳವಾರದ್ದು ಒಂದ ಸೀಟ ಅದರಿ.”

“ಹಂಗಾದ್ರ ಲಾಟ್ ಒಡಿ. ದೊಡ್ಡ ಲಾಟ್ ಕೊಳ್ಳೋನು ಸಿಗಲಿಲ್ಲಂದ್ರ ನಾವು ಚೀಲ ಚೀಲ ಬ್ಯಾರೆ ಮಾರಂಗಿಲ್ಲೇನು? ಮೊದಲನೇ ಟಿಕೆಟ್ ನೀಲಕ್ಕಂದು ತಗಿ.”

“ಪಂಕ್ತಿರಿ ಮಾಮಾ?”

“ಪಂಕ್ತಿ ಅಲ್ಲಿ ಹೋಗಿ ಕೂಡ್ತದ. ತಾಟು ಹಾಕೋದಷ್ಟ ಹಿಂದ-ಮುಂದ.”

ಕಸ್ತೂರಬಾಯಿ ಬಸಿಯನ್ನು ಮತ್ತೆ ಕೈಗೆತ್ತಿಕೊಂಡರು. ಅದರಲ್ಲಿ ಚಹಾ ಇರಲಿಲ್ಲ. ನೀಲವ್ವ ಗಾಬರಿಯಿಂದ ಮೊರವನ್ನು ಎದೆಗೆ ಅವಚಿಕೊಂಡರು. “ಏ ಕಾಶೀ, ನಾ ಒಬ್ಬಾಕಿ ಹ್ಯಾಂಗ ಹೋಗಲೊ? ಹುಮನಾಬಾದಕ್ಕ ಸುದ್ದಾ ಒಬ್ಬಾಕಿ ಹೋದಾಕಿ ಅಲ್ಲ!”

“ಹುಮನಾಬಾದದ ಬಸ್ಸು ಹತ್ತ ಕಡಿ ನಿಂದರ್ತದ, ನೀ ಎಲ್ಲ್ಯಾರ ಇಳಿದು ಹೋದಿ ಅಂತ ಅಂಜಿಕಿ. ಇದು ನಡುವ ಎಲ್ಲೂ ನಿಂದರಂಗಿಲ್ಲಕ್ಕಾ. ಸುಮ್ನ ಕೂಡು, ತಾನೇ ಮುಟ್ಟಸ್ತದ.”

ಹೀಗೆ ನೀಲವ್ವ ಎಲ್ಲರಿಗಿಂತ ಮೊದಲು, ಒಬ್ಬರೇ, ಕಟಕ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಹೈದರಾಬಾದಿನಿಂದ ಹಾರಿದರು. ಸೊಸೆ ಮತ್ತು ಮೊಮ್ಮಗಳಿಗೆ ಇನ್ನೊಂದು ದಿನದ ಎರಡು ಸೀಟು, ಮಗನಿಗೆ ಮುಂಬೈ ಮಾರ್ಗದ ಒಂದು ಸೀಟು ಸಿಕ್ಕವು. ತಮ್ಮ ಟಿಕೆಟ್ಟನ್ನು ಮಾಮಾ ಕೊನೆಗೆ ಇಟ್ಟುಕೊಂಡರು. “ನಂದು ತಡಿ, ಇಳೀತದ.” ಇಳಿಯಲಿಲ್ಲ. ಶುಕ್ರವಾರ ಹತ್ತಿರ ಬಂದಂತೆ ದರ ಹೈದರಾಬಾದಿನ ವಿಮಾನಕ್ಕಿಂತ ಮೇಲೆ ಹಾರಿತು. “ನಾ ಸುಗ್ಗಿ ಮುಗದ ಮ್ಯಾಲ ಹೋಗ್ತೇನಿ” ಎಂದುಬಿಟ್ಟರು. ನಾನು ವಾದ ಮಾಡಿದೆ, ಸೊಸೆ ಅತ್ತಳು. ಅವರು ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಂಡರು, ಅಷ್ಟೆ.

ಆ ಶುಕ್ರವಾರ ಮುಂಜಾನೆ ನನ್ನನ್ನು ಕರೆದುಕೊಂಡು ನೇರವಾಗಿ ಔರಾದಿಗೆ ಹೋದರು, ಕಸ್ತೂರಬಾಯಿಯವರ ಮನೆಗೆ. ಯಾಕೆಂದು ಕೇಳಿದರೆ, “ಆಕಿನೂ ಹೋಗಿಲ್ಲ, ನಾನೂ ಹೋಗಿಲ್ಲ. ಉಳದವರದ್ದೂ ಒಂದ ಪಂಕ್ತಿ ಆಗಲಿ” ಎಂದರು. ನೀರಿನ ತಂಬಿಗೆಗೆ ನನ್ನ ಮೊಬೈಲನ್ನು ಆನಿಸಿಟ್ಟು ಮೂವರೂ ಕುಳಿತೆವು. ಪರದೆಯಲ್ಲಿ ತೊಟ್ಟಿಲು, ತೊಟ್ಟಿಲ ಸುತ್ತ ನಮ್ಮವರು. ಸುನೀತಾ ಮಗುವನ್ನು ನೀಲವ್ವನ ಕೈಗೆ ಕೊಟ್ಟಳು. ನೀಲವ್ವ ಒಂದು ಕ್ಷಣ ಪರದೆಯ ಕಡೆ, ಅಂದರೆ ಬೀಗತಿಯ ಕಡೆ, ನೋಡಿ ನಿಂತುಬಿಟ್ಟರು. ಮಾಮಾನ ಕೈ ವಲ್ಲಿಯೊಳಗೆ ಗಟ್ಟಿಯಾಗಿ ಮುಚ್ಚಿಕೊಂಡದ್ದು ನನಗೆ ಕಂಡಿತು.

“ನಿಂತೀರಿ ಯಾಕ್ರಿ ನೀಲವ್ವನೋರ?” ಎಂದರು ಕಸ್ತೂರಬಾಯಿ, ಸ್ವಲ್ಪ ಬಿರುಸಾಗಿಯೇ. “ಕೂಸಿಗಿ ನಿದ್ದಿ ಬಂದಾದ. ಹಾಕ್ರಿ.”

ನೀಲವ್ವ ಹಾಕಿದರು. ಮಗು ಅಳಲಿಲ್ಲ.

“ನೋಡ್ರಿ, ಅಳಲಿಲ್ಲ ನಮ್ಮ ಕೂಸು” ಎಂದು ಕಸ್ತೂರಬಾಯಿ ಕಣ್ಣೊರೆಸಿಕೊಂಡರು.

“ಆಕಿ ಯಾಕ ಅಳ್ತಾಳ್ರಿ?” ಎಂದರು ಮಾಮಾ. “ಆಕಿ ಏನ್ ಟಿಕೆಟ್ ತಗದಾಳೇನು?”

ಮಳೆಗಾಲದಲ್ಲಿ ದರ ಇಳಿಯಿತು, ಮಾಮಾ ಹೊರಟರು. ವಿಮಾನದೊಳಗಿಂದಲೇ ಫೋನು ಮಾಡಿದರು: “ಸರೂ, ಅರ್ಧಾ ಖಾಲಿ ಅದ! ನಾ ಹೇಳಿರಲಿಲ್ಲ, ಇಳೀತದ ಅಂತ?” ಹೊಸ ಮೊಮ್ಮಗಳೊಂದಿಗೆ ಒಂದು ತಿಂಗಳು ಇದ್ದು, ಬಹಳ ಸಸ್ತಾದ ಟಿಕೆಟ್ಟಿನಲ್ಲಿ ಮರಳಿ ಬಂದರು. ಮುಂದಿನ ತೊಗರಿಯ ಸುಗ್ಗಿಯಲ್ಲಿ, ಮಾರುಕಟ್ಟೆಯಲ್ಲಿ ಚೀಲಗಳು ಎತ್ತರವಾಗಿ ಬಿದ್ದಿದ್ದ ದಿನಗಳಲ್ಲಿ, ನಿದ್ದೆಯಲ್ಲಿಯೇ ತೀರಿಕೊಂಡರು. ಸುನೀತಾಳಿಗೆ ಮಣ್ಣಿಗೆ ಬರಲಾಗಲಿಲ್ಲ. ಸಾವಿಗೆ ಓಡಿ ಬರುವವರಿಗೂ ರಜೆಯ ದರವನ್ನೇ ಹಚ್ಚುವ ಈ ವ್ಯವಸ್ಥೆಯ ಬಗ್ಗೆ ನನಗೆ ಹೇಳುವುದು ಬಹಳವಿದೆ. ಇಲ್ಲಿ ಬೇಡ.

ಕಳೆದ ಮಳೆಗಾಲದಲ್ಲಿ ಸುನೀತಾ ಮಗಳನ್ನು ಕರೆದುಕೊಂಡು ಭಾಲ್ಕಿಗೆ ಬಂದಿದ್ದಳು. ಊಟಕ್ಕೆ ಎಲ್ಲರೂ ಕುಳಿತಿದ್ದೆವು. ಬುಟ್ಟಿ, ಬೋಗುಣಿ, ಹಿಂಡಿಯ ಡಬ್ಬಿ ನಡುವೆ ಇದ್ದವು. ಮಗು ಗೂಟದಲ್ಲಿದ್ದ ಮಾಮಾನ ವಲ್ಲಿಯನ್ನು ಎಳೆದುಕೊಂಡು ಬಂದು ನನ್ನ ತೊಡೆಯ ಮೇಲೆ ಹರಡಿತು.

“ಅಪ್ಪಾ ಹಚ್ಚಿದ ಆಟರಿ ಅಕ್ಕಾ” ಎಂದಳು ಸುನೀತಾ. “ಹಾಲು ಕುಡಿಯೋ ಕೂಸಿನ ಜೋಡಿ ದಿನಾ ಸೌದಾ ಮಾಡ್ತಿದ್ದರು. ಆಮ್ಯಾಲ ನಾ ಆ ಆಟಾ ಬಿಡಲಿಲ್ಲ, ದಿನಾ ಆಡಸ್ತೇನಿ.”

ವಲ್ಲಿಯ ಕೆಳಗೆ ಒಂದು ಸಣ್ಣ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ಐದೂ ಬೆರಳುಗಳು ಅದರ ಹಿಡಿಯಲ್ಲಿ ಹಿಡಿಸಲಿಲ್ಲ. ಸಿಕ್ಕಷ್ಟನ್ನು ಕೂಡಿಸಿಕೊಂಡು, ತುಟಿ ಕಚ್ಚಿ, ಒಮ್ಮೆ ಗಟ್ಟಿಯಾಗಿ ಒತ್ತಿತು.