ಉಪಗ್ರಹಕ್ಕೆ ದಾರಿ ಹೇಳುವವರು ಯಾರು?

ಕಾಲೇಜಿನ ಲ್ಯಾಬಿನಲ್ಲಿ ಇವತ್ತು ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕಿರಿಮಂಜೇಶ್ವರದ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂತು. ನಾನು ಚಿಕ್ಕವಳಿದ್ದಾಗ ಒಂದು ದಿನ ಅಲ್ಲಿ, ಉಪ್ಪು ಹಿಡಿದು ಕೆಟ್ಟಿದ್ದ ದೋಣಿಯ ಜಿಪಿಎಸ್ ಬಿಚ್ಚಿಟ್ಟುಕೊಂಡು ಅಪ್ಪಯ್ಯ ತಂತಿ ಬೆಸೆಯುತ್ತಿದ್ದರು.

"ಅಪ್ಪಯ್ಯ, ದೋಣಿ ಎಲ್ಲಿತ್ ಅಂದೇಳಿ ಇದಕ್ಕೆ ಹ್ಯಾಂಗ್ ಗೊತ್ತಾತ್ತ್?"

"ಮೇಲೆ ಉಪಗ್ರಹ ಇತ್ತಲ್ದಾ, ಅದ್ ಹೇಳತ್ತ್."

"ಉಪಗ್ರಹ ಎಲ್ಲಿತ್ ಅಂದೇಳಿ ಅದಕ್ಕೆ ಯಾರ್ ಹೇಳುದ್?"

ಅಪ್ಪಯ್ಯ ಬೆಸುಗೆ ಕಡ್ಡಿ ಕೆಳಗಿಟ್ಟರು. "ನಂಗೊತ್ತಿಲ್ಲೆ ಹೆಣೆ. ನೀನೇ ಓದಿ ಹೇಳ್."

ಕೊಡಚಾದ್ರಿಯ ತುದಿ ನೋಡಿಕೊಂಡೇ ಸಮುದ್ರದಿಂದ ದಡ ಸೇರುತ್ತಿದ್ದ ಅಜ್ಜ, ಹರಿದ ಬಲೆ ಹೊಲಿಯುತ್ತಾ ನಕ್ಕರು: "ಅದೂ ನಮ್ಮ ನೆಲ ಕಂಡೇ ದಾರಿ ಹಿಡೂದ್."

ನಾನು ಇಂಜಿನಿಯರಿಂಗ್ ಸೇರಿದ್ದೇ ಆ ಪ್ರಶ್ನೆಯ ಬೆನ್ನುಹತ್ತಿ. ಇವತ್ತಿನ ಪಾಠದಲ್ಲಿ ಉತ್ತರ ಸಿಕ್ಕಿತು: ಉಪಗ್ರಹ ಎಲ್ಲಿದೆಯೆಂದು ಅದಕ್ಕೆ ತಿಳಿಸುವುದು ನೆಲದ ಮೇಲಿನ ಕೇಂದ್ರಗಳು. ಸಂಜೆ ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ.

ಫೋನಿನಲ್ಲಿ ಅಪ್ಪಯ್ಯನ ಹಿಂದಿನಿಂದ ಅಜ್ಜನ ದನಿ ಕೇಳಿಸಿತು: "ನಾ ಅವತ್ತೇ ಹೇಳಲಿಲ್ಯಾ?"